ಊಟಕ್ಕೆ ಮುಂಚೆನಾ, ಆಮೇಲಾ? ವಿಟಮಿನ್ ಮಾತ್ರೆಗಳ ಹೊತ್ತುಗೊತ್ತು

ರಾಯಚೂರಿನ ಯಾವುದೇ ಮೆಡಿಕಲ್ ಶಾಪ್ ಮುಂದೆ ಸಂಜೆ ಸ್ವಲ್ಪ ಹೊತ್ತು ನಿಂತರೆ ಒಂದು ಪ್ರಶ್ನೆ ಕಿವಿಗೆ ಬಿದ್ದೇ ಬೀಳುತ್ತದೆ: "ಇದು ಊಟಕ್ಕ ಮೊದ್ಲೋ, ಆದ ಮ್ಯಾಲೋ?" ಅಂಗಡಿಯವರು ಪೆನ್ನು ತೆಗೆದು ಮಾತ್ರೆ ಹಾಳೆಯ ಹಿಂದೆ 1-0-1 ಎಂದು ಬರೆದು ಕೊಡುತ್ತಾರೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಮನೆಗೆ ಹೋದ ಮೇಲೆ ಕಬ್ಬಿಣದ್ದು, ಕ್ಯಾಲ್ಸಿಯಂದು, ಬಿ-ಕಾಂಪ್ಲೆಕ್ಸು ಎಲ್ಲ ಒಟ್ಟಿಗೆ ಅಂಗೈಗೆ ಹಾಕಿಕೊಂಡು, ಬಿಸಿ ಚಹಾದ ಜೊತೆ ಒಂದೇ ಸಲ ನುಂಗಿಬಿಡುತ್ತೇವೆ. ಕೆಲಸ ಮುಗೀತು ಅಂದುಕೊಳ್ಳುತ್ತೇವೆ.

1-0-1 ಅನ್ನೋದು ಎಷ್ಟು ಸಲ, ಯಾವ ಹೊತ್ತಿಗೆ ಅಂತ ಹೇಳುತ್ತದೆ. ಯಾವುದರ ಜೊತೆ ಅಂತ ಹೇಳುವುದಿಲ್ಲ. ಪೋಷಕಾಂಶದ ಮಾತ್ರೆಗಳಲ್ಲಿ ಅಸಲಿ ವಿಷಯ ಇರೋದೇ ಅಲ್ಲಿ. ಬೆಳಿಗ್ಗೆ ಎಂಟಕ್ಕೆ ತಗೊಂಡರೂ ಒಂದೇ, ಸಂಜೆ ಆರಕ್ಕೆ ತಗೊಂಡರೂ ಒಂದೇ ಅನ್ನುವಂಥ ಮಾತ್ರೆಗಳೇ ಜಾಸ್ತಿ. ಆದರೆ ಅದರ ಜೊತೆ ಹೊಟ್ಟೆಗೆ ಏನು ಹೋಯಿತು ಅನ್ನುವುದರ ಮೇಲೆ ಅದು ಮೈಗೆ ಹತ್ತುತ್ತೋ, ಸುಮ್ನೆ ಹೊರಗೆ ಹೋಗುತ್ತೋ ಎಂಬುದು ನಿಂತಿದೆ.

ಕಬ್ಬಿಣದ ಮಾತ್ರೆಯನ್ನೇ ಮೊದಲು ತಗೊಳ್ಳೋಣ. ನಮ್ಮ ಕಡೆ ಅತಿ ಹೆಚ್ಚು ಮನೆಗಳಿಗೆ ಬರುವುದೂ ಅದೇ, ಅತಿ ಹೆಚ್ಚು ವ್ಯರ್ಥ ಆಗುವುದೂ ಅದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಆಶಾ ಕಾರ್ಯಕರ್ತೆ ಗರ್ಭಿಣಿಯರಿಗೆ ತಂದುಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ಗರ್ಭಿಣಿ ಇದ್ದಾಗ 180 ದಿನ, ಹೆರಿಗೆ ಆದ ಮೇಲೆ ಮತ್ತೆ 180 ದಿನ, ದಿನಕ್ಕೊಂದು. ಶಾಲೆಯ ದೊಡ್ಡ ಹುಡುಗಿಯರಿಗೆ, ಹುಡುಗರಿಗೆ ಕೊಡುವ ನೀಲಿ ಮಾತ್ರೆಯಲ್ಲೂ ಅಷ್ಟೇ ಪ್ರಮಾಣ, ಆದರೆ ವಾರಕ್ಕೊಂದು. ಪ್ರಾಥಮಿಕ ಶಾಲೆಯ ಮಕ್ಕಳ ಗುಲಾಬಿ ಮಾತ್ರೆಯಲ್ಲಿ 45 ಮಿಲಿಗ್ರಾಂ.

ಕಬ್ಬಿಣಕ್ಕೆ ಹುಳಿ ಬೇಕು, ಚಹಾ ಬೇಡ. ಚಹಾದ ಒಗರು ಇದೆಯಲ್ಲ, ಅದು ಕಬ್ಬಿಣವನ್ನು ಹಿಡಿದು ಕಟ್ಟಿಹಾಕುತ್ತದೆ. ಕಾಫಿಯದೂ ಅದೇ ಕತೆ. ಹಾಲು ಮೊಸರಿನ ಕ್ಯಾಲ್ಸಿಯಂ ಕೂಡ ಕಬ್ಬಿಣಕ್ಕೆ ಅಡ್ಡ ಬರುತ್ತದೆ. ಇನ್ನು ಜೋಳದ ರೊಟ್ಟಿ. ರೊಟ್ಟಿಗೆ ಹೆಸರು ಇಡುವ ಧೈರ್ಯ ನನಗಿಲ್ಲ. ಆದರೆ ಜೋಳ, ಸಜ್ಜೆ, ರಾಗಿ, ಕಾಳುಗಳಲ್ಲಿ ಇರುವ ಫೈಟೇಟ್ ಎಂಬ ಅಂಶ ಕಬ್ಬಿಣ ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡುತ್ತದೆ ಅನ್ನುವುದು ನಿಜ. ಹಾಗಂತ ರೊಟ್ಟಿ ಬಿಡಬೇಕಿಲ್ಲ. ಮಾತ್ರೆಯನ್ನು ರೊಟ್ಟಿಯಿಂದ ದೂರ ಇಟ್ಟರೆ ಸಾಕು: ಊಟಕ್ಕೆ ಒಂದು ಗಂಟೆ ಮೊದಲು, ಇಲ್ಲಾ ಊಟವಾಗಿ ಎರಡು ಗಂಟೆ ಆದ ಮೇಲೆ. ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ ಒಳ್ಳೆಯದು. ಪೇರಲ, ನೆಲ್ಲಿಕಾಯಿ ಸಿಕ್ಕರೂ ಆಯಿತು. ಇದಕ್ಕೆಂದೇ ಸಿ ವಿಟಮಿನ್ ಮಾತ್ರೆ ಬೇರೆ ಕೊಳ್ಳುವ ಖರ್ಚು ಬೇಕಿಲ್ಲ.

"ಖಾಲಿ ಹೊಟ್ಟೆಯಲ್ಲಿ ತಗೊಂಡ್ರೆ ಹೊಟ್ಟೆ ತೊಳಸ್ತದ" ಅನ್ನುವವರು ಬಹಳ. ಅದು ಸುಳ್ಳಲ್ಲ. ಕಬ್ಬಿಣ ಹೊಟ್ಟೆಯ ಒಳಪದರವನ್ನು ಕೆರಳಿಸುತ್ತದೆ. ಶಾಲೆಯಲ್ಲಿ ನೀಲಿ ಮಾತ್ರೆಯನ್ನು ಬಿಸಿಯೂಟ ಆದ ಮೇಲೆ ಕೊಡುವುದು ಈ ಕಾರಣಕ್ಕೇ. ಖಾಲಿ ಹೊಟ್ಟೆಯಲ್ಲಿ ನುಂಗಿ ವಾಂತಿ ಮಾಡಿಕೊಳ್ಳುವುದಕ್ಕಿಂತ, ಊಟದ ಮೇಲೆ ನುಂಗಿ ಸ್ವಲ್ಪ ಕಮ್ಮಿ ಹೀರಿಕೊಂಡರೂ ನಷ್ಟವಿಲ್ಲ. ರಾತ್ರಿ ಮಲಗುವ ಮುಂಚೆ ತಗೊಂಡರೆ ಹಲವರಿಗೆ ತೊಂದರೆ ಕಮ್ಮಿ. ಆದರೆ ನುಂಗಿದ ತಕ್ಷಣ ಅಡ್ಡ ಆಗಬೇಡಿ. ಒಂದು ಲೋಟ ತುಂಬ ನೀರು ಕುಡಿದು ಹತ್ತಿಪ್ಪತ್ತು ನಿಮಿಷ ಕೂತಿರಿ. ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎದೆ ಉರಿ ಗ್ಯಾರಂಟಿ. ಮಲ ಕಪ್ಪಗಾಗುವುದು ಸಹಜ, ಗಾಬರಿ ಬೇಡ. ಕಪ್ಪಾಯಿತು ಅಂತ ಹೆದರಿ ಮಾತ್ರೆಯ ಡಬ್ಬಿಯನ್ನೇ ಅಟ್ಟಕ್ಕೆ ಏರಿಸುವವರು ಇದ್ದಾರೆ.

ಇನ್ನೊಂದು ವಿಷಯ ಈಚೆಗೆ ಸ್ಪಷ್ಟವಾಗಿದೆ. ನಾವು ಒಂದು ಡೋಸ್ ಕಬ್ಬಿಣ ನುಂಗಿದ ಮೇಲೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ಅದು ಹೆಚ್ಚಿದ್ದಾಗ ಕರುಳು ಕಬ್ಬಿಣ ಹೀರುವುದನ್ನು ತಗ್ಗಿಸುತ್ತದೆ. ಇದರ ಪ್ರಭಾವ ಸುಮಾರು ಒಂದು ದಿನ ಇರುತ್ತದೆ. ಹಾಗಾಗಿ ಗರ್ಭಿಣಿಯರಲ್ಲದ ಹೆಂಗಸರಲ್ಲಿ ದಿನ ಬಿಟ್ಟು ದಿನ ಕೊಟ್ಟಾಗ ಪ್ರತಿ ಮಾತ್ರೆಯಿಂದ ಸಿಗುವ ಕಬ್ಬಿಣದ ಪಾಲು ಹೆಚ್ಚು ಎಂದು ಕಂಡುಬಂದಿದೆ. ಕೆಲವು ಡಾಕ್ಟರುಗಳು ಈಗ ಹಾಗೇ ಬರೆದುಕೊಡುತ್ತಾರೆ, ಅದು ಮರೆವಿನಿಂದಲ್ಲ. ಆದರೆ ಇದನ್ನು ಓದಿ ಗರ್ಭಿಣಿಯರು ದಿನ ಬಿಡುವುದು ಬೇಡ. ಅವರ ಲೆಕ್ಕ ಬೇರೆ. ಹಿಮೋಗ್ಲೋಬಿನ್ ಕಮ್ಮಿ ಇದ್ದವರಿಗೆ ದಿನಕ್ಕೆ ಎರಡು ಹೇಳಿರಬಹುದು, ಅದನ್ನೇ ಪಾಲಿಸಬೇಕು. ಸಿಕಲ್ ಸೆಲ್, ಥಲಸ್ಸೇಮಿಯಾದಂಥ ರಕ್ತದ ಕಾಯಿಲೆ ಇದ್ದವರಂತೂ ಕೇಳದೆ ಕಬ್ಬಿಣ ಶುರು ಮಾಡಬಾರದು.

ಈಗ ಕ್ಯಾಲ್ಸಿಯಂ. ಗರ್ಭಿಣಿಯರಿಗೆ ಮೂರು ತಿಂಗಳು ಕಳೆದ ಮೇಲೆ ಸರ್ಕಾರಿ ಆಸ್ಪತ್ರೆಯಿಂದ 500 ಮಿಲಿಗ್ರಾಂನ ಮಾತ್ರೆ ದಿನಕ್ಕೆ ಎರಡು ಕೊಡುತ್ತಾರೆ. ಎರಡನ್ನೂ ಒಂದೇ ಸಲ ನುಂಗಿದರೆ ಪ್ರಯೋಜನ ಕಮ್ಮಿ. ಒಂದು ಸಲಕ್ಕೆ 500 ಮಿಲಿಗ್ರಾಂ ದಾಟಿದರೆ ಕರುಳು ಹೀರಿಕೊಳ್ಳುವ ಪಾಲು ಇಳಿಯುತ್ತದೆ. ಮಾತ್ರೆಯ ಹಾಳೆ ತಿರುಗಿಸಿ ನೋಡಿ. ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಲಿಗ್ರಾಂ ಅಂತ ದೊಡ್ಡ ಅಂಕಿ ಕಾಣಬಹುದು. ಅದರಲ್ಲಿ ನಿಜವಾದ ಕ್ಯಾಲ್ಸಿಯಂ 500 ಮಾತ್ರ. ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕು. ಊಟ ಮಾಡಿದಾಗ ಆಮ್ಲ ಚೆನ್ನಾಗಿ ಬರುತ್ತದೆ, ಆದ್ದರಿಂದ ಇದು ಊಟದ ಜೊತೆಯ ಮಾತ್ರೆ. ಸಿಟ್ರೇಟ್ ಅಂತ ಬರೆದಿದ್ದರೆ ಯಾವಾಗ ಬೇಕಾದರೂ ತಗೊಳ್ಳಬಹುದು. ಬೆಲೆ ಸ್ವಲ್ಪ ಜಾಸ್ತಿ.

ಕಬ್ಬಿಣ ಊಟದಿಂದ ದೂರ, ಕ್ಯಾಲ್ಸಿಯಂ ಊಟಕ್ಕೆ ಹತ್ತಿರ, ಇವೆರಡರ ಮಧ್ಯೆ ಕನಿಷ್ಠ ಎರಡು ಗಂಟೆ. ಹೇಳಲು ಸುಲಭ. ಹೊಲದ ಕೆಲಸ, ಮನೆ ಕೆಲಸ ನಡುವೆ ಇದನ್ನು ಹೊಂದಿಸುವುದು ಹೇಗೆ? ಕಾರಟಗಿ ಕಡೆಯ ಒಬ್ಬ ಗರ್ಭಿಣಿಯ ದಿನವನ್ನು ಕಲ್ಪಿಸಿಕೊಳ್ಳಿ. ಐದು ತಿಂಗಳು ತುಂಬಿದೆ. ಬೆಳಿಗ್ಗೆ ಎಂಟಕ್ಕೆ ರೊಟ್ಟಿ ಪಲ್ಯ, ಒಂದು ಕಪ್ ಚಹಾ. ಆ ಹೊತ್ತಿಗೆ ಮೊದಲ ಕ್ಯಾಲ್ಸಿಯಂ. ಚಹಾ ಇದ್ದರೂ ಪರವಾಗಿಲ್ಲ, ಚಹಾದ ಜಗಳ ಮುಖ್ಯವಾಗಿ ಕಬ್ಬಿಣದ ಜೊತೆ. ಮಧ್ಯಾಹ್ನ ಒಂದಕ್ಕೆ ಊಟ, ಎರಡನೇ ಕ್ಯಾಲ್ಸಿಯಂ. ಸಂಜೆ ಐದಕ್ಕೆ ಮತ್ತೆ ಚಹಾ, ಬೇಕಾದರೆ ಹಾಲು. ರಾತ್ರಿ ಎಂಟಕ್ಕೆ ಊಟ. ಹತ್ತು ಗಂಟೆಗೆ, ಮಲಗುವುದಕ್ಕೆ ಸ್ವಲ್ಪ ಮುಂಚೆ, ಕೆಂಪು ಮಾತ್ರೆ, ನೀರಿನ ಜೊತೆ. ಇಲ್ಲಿ ಕೈಕೊಡುವುದು ಅತ್ತೆಯ ಪ್ರೀತಿ: ಮಲಗುವಾಗ ಒಂದು ಲೋಟ ಬಿಸಿ ಹಾಲು ಬಂದೇ ಬರುತ್ತದೆ. ಆ ಹಾಲನ್ನು ಸಂಜೆಗೆ ಸರಿಸಿದರೆ ಇಡೀ ಲೆಕ್ಕ ಸರಿಹೋಗುತ್ತದೆ.

ಅಂಗನವಾಡಿಗೆ ಊಟಕ್ಕೆ ಹೋಗುವವರೂ ಒಂದು ಮಾತು ನೆನಪಿಡಿ. ಗರ್ಭಿಣಿ, ಬಾಣಂತಿಯರಿಗೆಂದು 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯ ಊಟದ ಜೊತೆ ಹಾಲೂ ಇರುತ್ತದೆ. ಕಬ್ಬಿಣದ ಮಾತ್ರೆಯನ್ನು ಆ ಹಾಲಿನ ಜೊತೆಗೇ ನುಂಗುವ ಬದಲು ಮನೆಗೆ ತಂದು ರಾತ್ರಿ ತಗೊಳ್ಳುವುದಾಗಿ ಹೇಳಿ. ಮನೆಯಲ್ಲಿ ಮರೆತೇ ಹೋಗುತ್ತದೆ ಅನ್ನುವವರಾದರೆ ಅಲ್ಲೇ ನುಂಗಿ. ಮರೆತ ಮಾತ್ರೆಯಿಂದ ಸಿಗುವುದು ಸೊನ್ನೆ.

ಮೂರನೆಯವರೊಬ್ಬರು ಬಂದಾಗ ಗಂಟು ಇನ್ನೂ ಬಿಗಿಯಾಗುತ್ತದೆ: ಥೈರಾಯ್ಡ್ ಮಾತ್ರೆ. ಇದು ಪೋಷಕಾಂಶ ಅಲ್ಲ, ಔಷಧಿ. ಆದರೆ ಕ್ಯಾಲ್ಸಿಯಂ, ಕಬ್ಬಿಣ ಎರಡೂ ಇದನ್ನು ಹಾಳುಗೆಡವುತ್ತವೆ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಎದ್ದ ಕೂಡಲೇ ಬರೀ ನೀರಿನಲ್ಲಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು. ಅದರಿಂದ ಕ್ಯಾಲ್ಸಿಯಂಗೂ ಕಬ್ಬಿಣಕ್ಕೂ ನಾಲ್ಕು ಗಂಟೆ ಅಂತರ. ಆರಕ್ಕೆ ಥೈರಾಯ್ಡ್ ತಗೊಂಡವರಿಗೆ ಎಂಟು ಗಂಟೆಯ ತಿಂಡಿ ಜೊತೆ ಕ್ಯಾಲ್ಸಿಯಂ ಆಗಿಬರುವುದಿಲ್ಲ. ಅದು ಮಧ್ಯಾಹ್ನ, ರಾತ್ರಿ ಊಟಕ್ಕೆ ಹೋಗಬೇಕು. ಡೋಸ್ ಏರಿಸಿದರೂ ಥೈರಾಯ್ಡ್ ರಿಪೋರ್ಟ್ ಸರಿಹೋಗುತ್ತಿಲ್ಲ ಅನ್ನುವವರು ಒಮ್ಮೆ ಬೆಳಗಿನ ಮಾತ್ರೆಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿ, ಅಲ್ಲೇ ಉತ್ತರ ಇರಬಹುದು. ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್‌ನಂಥ ಆ್ಯಂಟಿಬಯೋಟಿಕ್‌ಗೂ ಇದೇ ಸಮಸ್ಯೆ. ಅವು ಕ್ಯಾಲ್ಸಿಯಂ, ಕಬ್ಬಿಣ, ಜಿಂಕ್ ಜೊತೆ ಸೇರಿದರೆ ಕೆಲಸ ಮಾಡುವುದಿಲ್ಲ. ಐದು ದಿನದ ಕೋರ್ಸ್ ಇದ್ದರೆ ಅಷ್ಟು ದಿನ ವಿಟಮಿನ್ ಮಾತ್ರೆ ನಿಲ್ಲಿಸಬಹುದಾ ಅಂತ ಡಾಕ್ಟರನ್ನು ಕೇಳುವುದೇ ಸುಲಭದ ದಾರಿ.

ಕ್ಯಾಲ್ಸಿಯಂ ಮಾತು ಬಂದಾಗ ನಮ್ಮ ಮೂರು ಜಿಲ್ಲೆಗಳಿಗೆ ಹೇಳಲೇಬೇಕಾದ ಒಂದು ಸಂಗತಿ ಇದೆ. ಮೊಣಕಾಲು ನೋವು, ಸೊಂಟ ನೋವು ಅಂದ ಕೂಡಲೇ "ಕ್ಯಾಲ್ಸಿಯಂ ಕಮ್ಮಿ ಆಗ್ಯಾದ" ಅಂತ ನಾವೇ ತೀರ್ಮಾನ ಮಾಡಿ ಡಬ್ಬಿ ತರುತ್ತೇವೆ. ರಾಯಚೂರು, ಕೊಪ್ಪಳ, ಬಳ್ಳಾರಿಯ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಪಟ್ಟಿ ಬರುತ್ತದೆ, ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಆ ನೋವಿಗೆ ಬರೀ ಕ್ಯಾಲ್ಸಿಯಂ ಮಾತ್ರೆ ನುಂಗುತ್ತಾ ಅದೇ ನೀರು ಕುಡಿಯುತ್ತಿದ್ದರೆ ಏನು ಬಂತು? ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ ಕಾಣುವ ಊರಾದರೆ ಮೊದಲು ನೀರು ಪರೀಕ್ಷೆ ಮಾಡಿಸಿ. ಗ್ರಾಮ ಪಂಚಾಯಿತಿಯಲ್ಲಿ ಕೇಳಿ, ಬಿಡಬೇಡಿ. ಇನ್ನು ಕಿಡ್ನಿಯಲ್ಲಿ ಕಲ್ಲು ಇರುವವರು, ಕಿಡ್ನಿ ಕಾಯಿಲೆ ಇರುವವರು ತಾವಾಗಿ ಕ್ಯಾಲ್ಸಿಯಂ ಶುರು ಮಾಡಬಾರದು.

ಡಿ ವಿಟಮಿನ್ ವಿಷಯಕ್ಕೆ ಬಂದರೆ ಎಲ್ಲರಿಗೂ ಒಂದೇ ಆಶ್ಚರ್ಯ: ರಾಯಚೂರಿನ ಬಿಸಿಲಿನಲ್ಲಿ ಇದ್ದೂ ಕೊರತೆಯಾ? ಬಿಸಿಲು ಇದೆ, ಆದರೆ ಅದಕ್ಕೆ ಹೆದರಿ ನಾವು ಒಳಗಿರುತ್ತೇವೆ, ಹೊರಗೆ ಹೋದರೂ ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡಿರುತ್ತೇವೆ. ಚರ್ಮದ ಬಣ್ಣ ಕಪ್ಪಿದ್ದಷ್ಟೂ ಹೆಚ್ಚು ಹೊತ್ತು ಬಿಸಿಲು ಬೇಕು. ಡಿ ವಿಟಮಿನ್ ಎಣ್ಣೆಯಲ್ಲಿ ಕರಗುವಂಥದ್ದು. ಹಾಗಾಗಿ ದಿನದ ದೊಡ್ಡ ಊಟದ ಜೊತೆ ತಗೊಳ್ಳಬೇಕು. ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಒಂದು ಚಮಚ ಎಣ್ಣೆ ಇರುವ ನಮ್ಮ ಊಟ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಎ, ಇ, ಕೆ ವಿಟಮಿನ್‌ಗಳೂ ಹೀಗೇ. ಬೆಳಿಗ್ಗೆ ಬರೀ ಚಹಾ ಕುಡಿದು ನುಂಗಿದರೆ ಪೂರ್ತಿ ಮೈಗೆ ಹತ್ತುವುದಿಲ್ಲ.

ಡಿ ವಿಟಮಿನ್‌ನಲ್ಲಿ ಹೊತ್ತಿಗಿಂತ ವಾರದ ಲೆಕ್ಕ ಮುಖ್ಯ. ಡಾಕ್ಟರು ಬರೆಯುವ ದೊಡ್ಡ ಡೋಸ್ 60,000 ಯೂನಿಟ್‌ನದು, ಸಾಮಾನ್ಯವಾಗಿ ವಾರಕ್ಕೊಂದು, ಅದೂ ಇಂತಿಷ್ಟು ವಾರ ಅಂತ. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು 600 ಯೂನಿಟ್ ಆಸುಪಾಸು. ಈ ದೊಡ್ಡ ಕ್ಯಾಪ್ಸೂಲನ್ನು ದಿನಾ ನುಂಗಿದರೆ ಮೈಯಲ್ಲಿ ಶೇಖರವಾಗುತ್ತಾ ಹೋಗುತ್ತದೆ, ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಬಾಯಾರಿಕೆ, ವಾಂತಿ, ಮಲಬದ್ಧತೆ, ಕೊನೆಗೆ ಕಿಡ್ನಿಗೂ ಪೆಟ್ಟು. ಹಾಳೆಯಲ್ಲಿ ನಾಲ್ಕೇ ಕ್ಯಾಪ್ಸೂಲ್ ಇದ್ದರೆ ನಾಲ್ಕು ದಿನಕ್ಕೆ ಅಲ್ಲ, ನಾಲ್ಕು ವಾರಕ್ಕೆ ಅಂತ ಮನೆಯ ಹಿರಿಯರಿಗೆ ಬಿಡಿಸಿ ಹೇಳಿ. ವಾರದ ಮಾತ್ರೆ ನೆನಪಿಡಲು ನಿಮ್ಮೂರ ಸಂತೆಯ ದಿನಕ್ಕೆ ಕಟ್ಟಿಹಾಕಿ. ಸಂತೆ ಯಾರೂ ಮರೆಯುವುದಿಲ್ಲ.

ಬಿ12 ಇನ್ನೊಂದು ಥರ. ಇದು ಸಿಗುವುದು ಹಾಲು, ಮೊಸರು, ಮೊಟ್ಟೆ, ಮಾಂಸ, ಮೀನಿನಿಂದ. ಮಾಂಸ, ಮೊಟ್ಟೆ ತಿನ್ನದ, ಹಾಲೂ ಕಮ್ಮಿ ಇರುವ ಮನೆಗಳಲ್ಲಿ ಕೊರತೆ ಸಾಮಾನ್ಯ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಳ್ಳುವವರಲ್ಲೂ ಬಿ12 ಇಳಿಯುತ್ತದೆ. ಪ್ಯಾಂಟಪ್ರಜೋಲ್‌ನಂಥ ಗ್ಯಾಸ್ ಮಾತ್ರೆಯನ್ನು ಮಿರ್ಚಿ ತಿಂದಷ್ಟೇ ಸಲೀಸಾಗಿ ನುಂಗುವವರಲ್ಲೂ ಹಾಗೇ. ಆ ಗ್ಯಾಸ್ ಮಾತ್ರೆ ಹೊಟ್ಟೆಯ ಆಮ್ಲ ತಗ್ಗಿಸುವುದರಿಂದ ಕಬ್ಬಿಣಕ್ಕೂ, ಕ್ಯಾಲ್ಸಿಯಂ ಕಾರ್ಬೊನೇಟ್‌ಗೂ ತೊಂದರೆ. ದೊಡ್ಡವರಿಗೆ ದಿನಕ್ಕೆ ಬೇಕಾದ ಬಿ12 ಸುಮಾರು 2 ಮೈಕ್ರೋಗ್ರಾಂ. ಆದರೆ ಮಾತ್ರೆಯ ಮೇಲೆ 1000, 1500 ಅಂತ ಇರುತ್ತದಲ್ಲ, ಯಾಕೆ? ಬಿ12 ಅನ್ನು ಕರುಳಿನ ಆಚೆ ದಾಟಿಸಲು ಹೊಟ್ಟೆ ತಯಾರಿಸುವ ಒಂದು ಪ್ರೋಟೀನ್ ಬೇಕು. ಅದು ಮೂರು ಸೀಟಿನ ಆಟೋ ಇದ್ದ ಹಾಗೆ, ಒಂದು ಸಲಕ್ಕೆ ಒಂದೂವರೆ ಎರಡು ಮೈಕ್ರೋಗ್ರಾಂಗಿಂತ ಜಾಸ್ತಿ ಹತ್ತಿಸಿಕೊಳ್ಳಲ್ಲ. ಉಳಿದದ್ದರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ತಾನಾಗಿ ನುಸುಳಿ ಒಳಗೆ ಹೋಗುತ್ತದೆ. ಆ ಒಂದು ಪಾಲಿಗಾಗಿಯೇ ಮಾತ್ರೆ ಅಷ್ಟು ದೊಡ್ಡದು. ಯಾವ ಹೊತ್ತಿಗೆ ತಗೊಂಡರೂ ನಡೆಯುತ್ತದೆ. ಕೈಕಾಲು ಜೋಮು ಹಿಡಿಯುತ್ತಿದ್ದರೆ, ನಡೆದಾಡುವಾಗ ತೂರಾಡಿದಂತಾದರೆ ಮಾತ್ರೆಗೂ ಮುಂಚೆ ರಕ್ತಪರೀಕ್ಷೆ ಆಗಲಿ. ಫೋಲಿಕ್ ಆಸಿಡ್ ಒಂದನ್ನೇ ದೊಡ್ಡ ಪ್ರಮಾಣದಲ್ಲಿ ತಗೊಂಡರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ಆದರೆ ಬಿ12 ಕೊರತೆಯಿಂದ ನರಗಳಿಗೆ ಆಗುವ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ಫೋಲಿಕ್ ಆಸಿಡ್‌ಗೆ ದಿನದ ಹೊತ್ತು ಲೆಕ್ಕಕ್ಕಿಲ್ಲ, ಬದುಕಿನ ಹೊತ್ತು ಲೆಕ್ಕಕ್ಕಿದೆ. ಮಗುವಿನ ಮೆದುಳು, ಬೆನ್ನುಹುರಿ ಆಗುವ ನಾಳ ಮುಚ್ಚಿಕೊಳ್ಳುವುದು ಗರ್ಭ ನಿಂತ ನಾಲ್ಕು ವಾರದೊಳಗೆ. ಆಗ ಎಷ್ಟೋ ಹೆಂಗಸರಿಗೆ ತಾವು ಗರ್ಭಿಣಿ ಅಂತಲೇ ಗೊತ್ತಿರುವುದಿಲ್ಲ. ಅದಕ್ಕೇ ಮಗು ಬೇಕು ಅಂದುಕೊಂಡಾಗಲೇ ದಿನಕ್ಕೆ 400 ಮೈಕ್ರೋಗ್ರಾಂ ಶುರು ಮಾಡಿ ಅನ್ನುವುದು.

ಉಳಿದವು ಬೇಗ ಮುಗಿಯುತ್ತವೆ. ಮಲ್ಟಿವಿಟಮಿನ್ ಊಟದ ಜೊತೆ. ಬಿ-ಕಾಂಪ್ಲೆಕ್ಸ್ ತಗೊಂಡ ಮೇಲೆ ಮೂತ್ರ ಕಡು ಹಳದಿ ಆಗುತ್ತದೆ, ಅದು ಬಿ2 ಬಣ್ಣ, ಕಾಮಾಲೆ ಅಲ್ಲ. ಮೀನೆಣ್ಣೆ ಕ್ಯಾಪ್ಸೂಲ್ ಊಟದ ನಡುವೆ ತಗೊಂಡರೆ ತೇಗಿನಲ್ಲಿ ವಾಸನೆ ಕಮ್ಮಿ. ಮೆಗ್ನೀಸಿಯಂ ಜಾಸ್ತಿಯಾದರೆ ಭೇದಿ. ಜಿಂಕ್ ಖಾಲಿ ಹೊಟ್ಟೆಗೆ ವಾಕರಿಕೆ ತರುತ್ತದೆ. ಆದರೆ ಮಕ್ಕಳಿಗೆ ಭೇದಿಯಾದಾಗ ಓಆರ್‌ಎಸ್ ಜೊತೆ ಕೊಡುವ ಜಿಂಕ್ ಮಾತ್ರೆಯನ್ನು, ಭೇದಿ ಎರಡೇ ದಿನಕ್ಕೆ ನಿಂತರೂ 14 ದಿನ ಪೂರ್ತಿ ಕೊಡಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರು ಕೆ ವಿಟಮಿನ್ ಇರುವ ಯಾವ ಡಬ್ಬಿಯನ್ನೂ ಕೇಳದೆ ಮುಟ್ಟಬಾರದು.

ಬಳ್ಳಾರಿಯ ಜಿಮ್ ಹುಡುಗರು ಪ್ರೋಟೀನ್ ಪುಡಿಯನ್ನು ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಕುಡಿಯದಿದ್ದರೆ ಕೆಟ್ಟಿತು ಅನ್ನುವ ಹಾಗೆ ಓಡುತ್ತಾರೆ. ಅಷ್ಟು ಅವಸರ ಬೇಡ. ಇಡೀ ದಿನದಲ್ಲಿ ಎಷ್ಟು ಪ್ರೋಟೀನ್ ಹೋಯಿತು ಅನ್ನುವುದೇ ಮುಖ್ಯ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ಹೆಸರುಕಾಳಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಡಬ್ಬಿ ಕೊಳ್ಳಲೇಬೇಕು ಅಂದರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇದೆಯಾ ನೋಡಿ. ಮತ್ತೆ ಆ ಡಬ್ಬಿಯ ಮೇಲೆ ಇದು ಔಷಧಿಯಾಗಿ ಬಳಸಲು ಅಲ್ಲ ಅಂತ ಕಂಪನಿಯವರೇ ಬರೆದಿರುತ್ತಾರೆ, ಅದನ್ನೂ ಓದಿ.

ರಂಜಾನ್ ಉಪವಾಸ, ಶ್ರಾವಣದ ಒಪ್ಪತ್ತು ಇದ್ದಾಗ ವಿಟಮಿನ್‌ಗಳನ್ನು ರಾತ್ರಿ ಊಟಕ್ಕೆ ಸರಿಸಿದರೆ ಏನೂ ಕೆಡುವುದಿಲ್ಲ. ಊಟದ ಜೊತೆ ಡಿ ಮತ್ತು ಕ್ಯಾಲ್ಸಿಯಂ, ಎರಡು ಗಂಟೆ ಬಿಟ್ಟು ಕಬ್ಬಿಣ. ಥೈರಾಯ್ಡ್, ಸಕ್ಕರೆ ಮಾತ್ರೆಗಳನ್ನು ಮಾತ್ರ ನಿಮ್ಮಷ್ಟಕ್ಕೆ ಸರಿಸಬೇಡಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗುವುದೂ ಬೇಡ.

ಕೊನೆಗೆ, ಇಡುವ ಜಾಗ. ಹೆಚ್ಚಿನ ಡಬ್ಬಿಗಳ ಮೇಲೆ 25 ಅಥವಾ 30 ಡಿಗ್ರಿಗಿಂತ ಕೆಳಗೆ ಇಡಿ ಅಂತ ಇರುತ್ತದೆ. ನಮ್ಮಲ್ಲಿ ಮೇ ತಿಂಗಳಲ್ಲಿ ಹೊರಗೆ 40 ದಾಟುತ್ತದೆ, ತಗಡಿನ ಮನೆಯೊಳಗೆ ಕೇಳುವುದೇ ಬೇಡ. ಬೈಕಿನ ಡಿಕ್ಕಿಯಲ್ಲಿ, ಒಲೆಯ ಮೇಲಿನ ಶೆಲ್ಫಿನಲ್ಲಿ, ಟಿವಿ ಮೇಲೆ ಇಟ್ಟ ಮೀನೆಣ್ಣೆ, ಡಿ ವಿಟಮಿನ್ ಕ್ಯಾಪ್ಸೂಲ್‌ಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ನೀರಿನ ಗಡಿಗೆ ಇಡುವ ತಂಪು ಮೂಲೆ ವಾಸಿ, ಆದರೆ ತೇವ ತಾಗದಂತೆ ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ. ಎತ್ತರದಲ್ಲೂ ಇರಬೇಕು. ಕೆಂಪು ಕಬ್ಬಿಣದ ಮಾತ್ರೆ ಚಿಕ್ಕ ಮಕ್ಕಳ ಕಣ್ಣಿಗೆ ಪೆಪ್ಪರಮೆಂಟಿನ ಥರ ಕಾಣುತ್ತದೆ. ನಾಲ್ಕಾರು ಮಾತ್ರೆ ಒಟ್ಟಿಗೆ ತಿಂದರೆ ಪುಟ್ಟ ಮಗುವಿಗೆ ಅದು ವಿಷ, ಜೀವಕ್ಕೇ ಅಪಾಯ. ಮೊದಲು ವಾಂತಿಯಾಗಿ ಆಮೇಲೆ ಕೆಲವು ಗಂಟೆ ಮಗು ಚೇತರಿಸಿಕೊಂಡಂತೆ ಕಾಣಬಹುದು, ಅದನ್ನು ನಂಬಿ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಹೋಗುವಾಗ ಖಾಲಿಯಾದ ಮಾತ್ರೆ ಹಾಳೆಯನ್ನೂ ತಗೊಂಡು ಹೋಗಿ, ಯಾವ ಮಾತ್ರೆ, ಎಷ್ಟು ನುಂಗಿದೆ ಅಂತ ಡಾಕ್ಟರಿಗೆ ಅದರಿಂದಲೇ ಗೊತ್ತಾಗುವುದು.